ಬೈಪಾಸ್ ಬಂದ ಮೇಲೆ ಬಿ.ಎಚ್. ರಸ್ತೆ ಯಾರದು?

ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗಿನ ಕಡೂರನ್ನು ನೋಡಬೇಕು. ಯಗಟಿ, ಸಿಂಗಟಗೆರೆ, ಪಂಚನಹಳ್ಳಿ, ಸಖರಾಯಪಟ್ಟಣದ ಕಡೆಯ ಬಸ್ಸುಗಳು ಒಂದರ ಹಿಂದೊಂದು ಬಂದು ಜನರನ್ನು ಇಳಿಸುತ್ತವೆ. ಕಾಲೇಜಿನ ಮಕ್ಕಳು, ಪಹಣಿ ತಿದ್ದುಪಡಿಗೆಂದು ತಾಲ್ಲೂಕು ಕಚೇರಿಗೆ ಹೊರಟವರು, ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದ ತಾಯಂದಿರು, ಒಂಬತ್ತಕ್ಕೆ ಅಂಗಡಿಯ ಶಟರ್ ಎತ್ತಬೇಕಾದ ಕೆಲಸಗಾರರು. ಬಸ್ಸಿನಿಂದ ಇಳಿದ ಕ್ಷಣದಿಂದ ಇವರೆಲ್ಲ ಪಾದಚಾರಿಗಳು. ಚರಂಡಿಯ ಮೇಲೆ ಹಾಸಿದ ಚಪ್ಪಡಿಯೇ ಅವರ ಕಾಲುದಾರಿ. ಒಂದು ಚಪ್ಪಡಿ ಎತ್ತರ, ಪಕ್ಕದ್ದು ತಗ್ಗು, ಅದರಾಚೆಯದು ಮುರಿದು ಒಳಗಿನ ಕಬ್ಬಿಣದ ಸರಳು ಹೊರಚಾಚಿರುತ್ತದೆ. ಅದರ ಮೇಲೂ ಬೈಕುಗಳು ನಿಂತರೆ ನಡೆಯುವವರು ಡಾಂಬರಿಗೆ ಇಳಿಯಲೇಬೇಕು. ಡಾಂಬರಿನ ಮೇಲೆ ಶಿವಮೊಗ್ಗಕ್ಕೆ ಹೊರಟ ಎಕ್ಸ್‌ಪ್ರೆಸ್ ಬಸ್ಸು, ತೆಂಗಿನಕಾಯಿ ತುಂಬಿದ ಲಾರಿ, ಟ್ರ್ಯಾಕ್ಟರ್, ಆಟೊ, ಇಬ್ಬರು ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡ ಸ್ಕೂಟರ್ ಎಲ್ಲವೂ ಒಂದೇ ಹರಿವಿನಲ್ಲಿ ಸಾಗುತ್ತವೆ.

ಬೀರೂರು, ತರೀಕೆರೆಗಳಲ್ಲೂ ಇದೇ ಚಿತ್ರ. ಬೆಂಗಳೂರು-ಹೊನ್ನಾವರ ರಸ್ತೆ ಹಾದುಹೋಗುವ ಪ್ರತಿಯೊಂದು ಊರಿನಲ್ಲೂ ಅಂಗಡಿ ಬೋರ್ಡುಗಳ ಮೇಲೆ ‘ಬಿ.ಎಚ್. ರಸ್ತೆ’ ಎಂಬ ವಿಳಾಸ ಕಾಣುತ್ತದೆ. ಆ ರಸ್ತೆಯನ್ನು ಚತುಷ್ಪಥ ಮಾಡುವ ತುಮಕೂರು-ಶಿವಮೊಗ್ಗ ಯೋಜನೆ ದೂರದ ಸಂಚಾರವನ್ನು ಊರಿನ ನಡುವಿನಿಂದ ತೆಗೆದು ಬೈಪಾಸ್‌ಗೆ ತಿರುಗಿಸುತ್ತದೆ. ಇದು ಜನರಿಗೆ ಗೊತ್ತು. ಹೆದ್ದಾರಿ ಹೊರಗೆ ಹೋದ ಮೇಲೆ ಒಳಗೆ ಉಳಿಯುವ ಹಳೆಯ ರಸ್ತೆಗೆ ಏನಾಗುತ್ತದೆ, ಅದನ್ನು ತೀರ್ಮಾನಿಸುವವರು ಯಾರು ಎಂಬುದರ ಬಗ್ಗೆ ಮಾತ್ರ ಮಾತು ಕಡಿಮೆ. ಈ ಊರುಗಳ ಮುಂದಿನ ಐವತ್ತು ವರ್ಷದ ಬದುಕು ಆ ತೀರ್ಮಾನವನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ. ಹಳೆಯ ಹೆದ್ದಾರಿಯನ್ನು ಇನ್ನಷ್ಟು ಅಗಲದ ವಾಹನದಾರಿಯಾಗಿ ಅಲ್ಲ, ಊರಿನ ಬೀದಿಯಾಗಿ ಮತ್ತೆ ಕಟ್ಟಬೇಕು. ಅದಕ್ಕೆ ಸಿಗುವ ಅವಕಾಶ ಒಂದೇ ಸಲ.

ಒಂದೇ ರಸ್ತೆಗೆ ಎರಡು ಕೆಲಸ

ಕಡೂರು ದಾರಿಗಳಿಂದಲೇ ಬೆಳೆದ ಊರು. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚಿನಲ್ಲಿರುವ ಇದು ಎರಡೂ ಕಡೆಯ ಸರಕು ಕೈ ಬದಲಾಗುವ ಜಾಗ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹಿಂದೆ 206 ಎಂಬ ಸಂಖ್ಯೆಯಿದ್ದ ಹೆದ್ದಾರಿಯ ಈ ಭಾಗ ಈಗ 69ಕ್ಕೆ ಸೇರಿದೆ. ಮೂಡಿಗೆರೆಯಿಂದ ಚಿಕ್ಕಮಗಳೂರಿನ ಮೂಲಕ ಬಂದು ಹೊಸದುರ್ಗ, ಹೊಳಲ್ಕೆರೆಯ ಕಡೆಗೆ ಹೋಗುವ 173ನೇ ಹೆದ್ದಾರಿಯೂ ಇಲ್ಲೇ ಅದನ್ನು ಸಂಧಿಸುತ್ತದೆ. ಆರೇಳು ಕಿಲೋಮೀಟರ್ ದೂರದ ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಹೊರಟಿತು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಹೋಗಲು 2013ರ ನವೆಂಬರ್‌ವರೆಗೆ ಕಾಯಬೇಕಾಯಿತು. ರಸ್ತೆ ಬಂದಲ್ಲಿ ಅಂಗಡಿ ಬಂತು, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಕೇರಿ ಬಂತು. ಹೀಗೆ ಬೆಳೆದ ಊರಿನಲ್ಲಿ ಹೆದ್ದಾರಿಯೇ ಪೇಟೆಬೀದಿ, ಪೇಟೆಬೀದಿಯೇ ಹೆದ್ದಾರಿ.

ರಸ್ತೆಗೆ ಎರಡು ಕೆಲಸಗಳಿವೆ. ಒಂದು, ಜನರನ್ನೂ ಸರಕನ್ನೂ ದಾಟಿಸುವುದು. ಇನ್ನೊಂದು, ಜನ ನಿಲ್ಲಲು, ಕೊಳ್ಳಲು, ಮಾತಾಡಲು, ಮಕ್ಕಳು ಶಾಲೆಗೆ ನಡೆಯಲು ಜಾಗ ಕೊಡುವುದು. ದಾಟಿಸುವ ಕೆಲಸಕ್ಕೆ ವೇಗ ಬೇಕು, ಅಡ್ಡಿ ಇರಬಾರದು. ನಿಲ್ಲುವ ಕೆಲಸಕ್ಕೆ ವೇಗ ಕಡಿಮೆಯಿರಬೇಕು, ಅಡಿಗಡಿಗೂ ದಾಟಲು ಅನುಕೂಲವಿರಬೇಕು. ಒಂದೇ ಡಾಂಬರಿನ ಮೇಲೆ ಎರಡನ್ನೂ ನಡೆಸಹೊರಟರೆ ಎರಡೂ ಕೆಡುತ್ತವೆ. ಹೊನ್ನಾವರಕ್ಕೆ ಹೊರಟ ಲಾರಿಗೆ ಕಡೂರಿನಲ್ಲಿ ಕಾಲು ಗಂಟೆ ದಂಡ. ಕಡೂರಿನ ಅಜ್ಜಿಗೆ ಆ ಲಾರಿಯ ಭಯ. ಬೈಪಾಸ್ ಬಂದದ್ದರ ನಿಜವಾದ ಅರ್ಥ ಈ ಎರಡು ಕೆಲಸಗಳನ್ನು ಬೇರೆ ಮಾಡಲು ಸಾಧ್ಯವಾಯಿತು ಎಂಬುದು. ದಾಟಿಸುವ ಕೆಲಸವನ್ನು ಹೊರಗಿನ ರಸ್ತೆ ವಹಿಸಿಕೊಂಡಿತೆಂದ ಮೇಲೆ ಒಳಗಿನ ರಸ್ತೆ ಅದೇ ಕೆಲಸವನ್ನು ಇನ್ನೂ ಜೋರಾಗಿ ಮಾಡಬೇಕೆಂದು ಬಯಸುವುದರಲ್ಲಿ ಹುರುಳಿಲ್ಲ.

ದಾಟುವವರ ಲೆಕ್ಕ

ಹದಿನೈದು ಮೀಟರ್ ಅಗಲದ, ನಡುವೆ ನಿಲ್ಲಲು ಜಾಗವಿಲ್ಲದ ಒಂದು ರಸ್ತೆಯನ್ನು ತೆಗೆದುಕೊಳ್ಳಿ. ಗಟ್ಟಿಮುಟ್ಟಾದವರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ. ಅವರಿಗೆ ದಾಟಲು ಹನ್ನೆರಡೂವರೆ ಸೆಕೆಂಡು ಸಾಕು. ಮಂಡಿನೋವಿನ ಹಿರಿಯರು ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ ಹತ್ತೊಂಬತ್ತು ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ಬೈಕು ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಅಂದರೆ ಹೆಜ್ಜೆ ಇಡುವ ಮೊದಲು ಆ ಹಿರಿಯರು ಮುನ್ನೂರು ಮೀಟರಿನಾಚೆಯ ವಾಹನವನ್ನು ಕಂಡು, ಅದರ ವೇಗವನ್ನು ಅಂದಾಜಿಸಿ, ಧೈರ್ಯ ಮಾಡಬೇಕು. ಪೊರೆ ಬಂದ ಕಣ್ಣಿಗೆ ಇದು ಸಾಧ್ಯವೇ? ಅದೇ ವಾಹನದಾರಿಯನ್ನು ಏಳು ಮೀಟರಿಗೆ ಇಳಿಸಿ, ವೇಗವನ್ನು 30ಕ್ಕೆ ತಂದರೆ ಅದೇ ಹಿರಿಯರಿಗೆ ಒಂಬತ್ತು ಸೆಕೆಂಡು ಸಾಕು, ನೋಡಬೇಕಾದ ದೂರ ಎಪ್ಪತ್ತೈದು ಮೀಟರಿನ ಒಳಗೆ. ವೃದ್ಧರ ಕಣ್ಣನ್ನಾಗಲಿ ಮಂಡಿಯನ್ನಾಗಲಿ ಪುರಸಭೆ ಸರಿಮಾಡಲಾರದು. ರಸ್ತೆಯ ಅಗಲ ಮತ್ತು ವೇಗ ಅದರ ಕೈಯಳತೆಯ ಸಂಗತಿಗಳು.

ನಡೆಯುವವರ ಸಾವು ಅಪರೂಪದ್ದೇನಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕದಲ್ಲೇ 11,702. ದೇಶದ ಸತ್ತವರಲ್ಲಿ 32,825 ಮಂದಿ ಪಾದಚಾರಿಗಳು. ದ್ವಿಚಕ್ರ ಸವಾರರ ಪಾಲು ಶೇ 44.5. ರಸ್ತೆಜಾಲದ ಉದ್ದದಲ್ಲಿ ಶೇ 2ರ ಆಸುಪಾಸಿನಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಶೇ 36ರಷ್ಟು ಸಾವುಗಳಾದವು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಜೀವ ತೆಗೆಯುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮಿತಿ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ನಮ್ಮಲ್ಲಿ 2018ರ ಏಪ್ರಿಲ್‌ನ ಕೇಂದ್ರದ ಅಧಿಸೂಚನೆ ಪುರಸಭೆ ವ್ಯಾಪ್ತಿಯ ರಸ್ತೆಗಳಲ್ಲೂ ಕಾರಿಗೆ 70, ಬೈಕು ಮತ್ತು ಸರಕು ವಾಹನಕ್ಕೆ 60 ಕಿ.ಮೀ. ಗರಿಷ್ಠ ವೇಗ ಕೊಟ್ಟಿತು. ಪೇಟೆಯ ನಡುವೆ 70! ಆದರೆ ಇದು ಗರಿಷ್ಠ ಮಿತಿ ಮಾತ್ರ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯ ಸರ್ಕಾರವೋ ಅದು ಅಧಿಕಾರ ಕೊಟ್ಟ ಪ್ರಾಧಿಕಾರವೋ ನಿರ್ದಿಷ್ಟ ರಸ್ತೆಗೆ ಇನ್ನೂ ಕಡಿಮೆ ಮಿತಿಯನ್ನು ನಿಗದಿಪಡಿಸಬಹುದು.

ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆ ಹೋಯಿತು. ಅದರ ಜೊತೆಗೇ ನೋಡಬೇಕಾದ ಇನ್ನೊಂದು ಸಂಗತಿ ಉಳಿದೇ ಇದೆ. ಹಳ್ಳಿಯಿಂದ ಬಸ್ ನಿಲ್ದಾಣದವರೆಗಿನ ಇಪ್ಪತ್ತು ಮೂವತ್ತು ಕಿಲೋಮೀಟರನ್ನು ಸರ್ಕಾರ ನೋಡಿಕೊಂಡಿತು. ನಿಲ್ದಾಣದಿಂದ ಆಸ್ಪತ್ರೆ, ಕಾಲೇಜು, ಗಾರ್ಮೆಂಟ್ಸ್, ಮಾರುಕಟ್ಟೆಯವರೆಗಿನ ಅರ್ಧ ಕಿಲೋಮೀಟರನ್ನು ಯಾರೂ ನೋಡಿಕೊಂಡಿಲ್ಲ. ಸಾರಿಗೆ ನೀತಿ ಎಂದರೆ ಬಸ್ಸು, ರೈಲು, ಮೇಲ್ಸೇತುವೆ ಎಂದಷ್ಟೇ ಎಣಿಸುವ ಅಭ್ಯಾಸದಿಂದ ಆಗಿರುವ ಲೋಪವಿದು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಗುರಿಯಾಗಿರಬೇಕೆಂದು ಹೇಳಿ ಎಷ್ಟೋ ವರ್ಷವಾಯಿತು.

ಕೈ ಬದಲಾಗುವ ಹೊತ್ತು

ಊರನ್ನು ಬಳಸಿ ಬೈಪಾಸ್ ಆದ ಮೇಲೆ ಹಳೆಯ ಭಾಗ ರಾಷ್ಟ್ರೀಯ ಹೆದ್ದಾರಿಯಾಗಿ ಉಳಿಯುವುದಿಲ್ಲ. ಹೆದ್ದಾರಿ ಇಲಾಖೆ ಆ ಭಾಗವನ್ನು ಒಂದು ಬಾರಿ ದುರಸ್ತಿ ಮಾಡಿಕೊಟ್ಟು ರಾಜ್ಯಕ್ಕೆ ಹಸ್ತಾಂತರಿಸುವುದು ರೂಢಿ. ಅಲ್ಲಿಂದ ಮುಂದೆ ಅದು ಲೋಕೋಪಯೋಗಿ ಇಲಾಖೆಯ ಹೊಣೆಯೋ ಸ್ಥಳೀಯ ಸಂಸ್ಥೆಯ ಹೊಣೆಯೋ ಆಗುತ್ತದೆ. ಈ ‘ಒಂದು ಬಾರಿಯ ಅಭಿವೃದ್ಧಿ’ ಎಂಬುದರ ಮೇಲೆ ಊರಿನವರ ಕಣ್ಣಿರಬೇಕು. ಸಾಮಾನ್ಯವಾಗಿ ಅದರರ್ಥ ಹಳೆಯ ಡಾಂಬರಿನ ಮೇಲೆ ಇನ್ನೊಂದು ಪದರ ಡಾಂಬರು, ಬಿಳಿ ಪಟ್ಟೆ, ನಾಲ್ಕು ಸೂಚನಾಫಲಕ. ಹೀಗೆ ಪದರದ ಮೇಲೆ ಪದರ ಬೀಳುತ್ತ ಹೋದರೆ ರಸ್ತೆ ಏರುತ್ತದೆ, ಅಂಗಡಿಯ ಹೊಸ್ತಿಲು ತಗ್ಗುತ್ತದೆ, ಒಂದು ಜೋರು ಮಳೆಗೆ ನೀರು ಅಕ್ಕಿ ಮೂಟೆಯ ಬುಡಕ್ಕೆ ಬರುತ್ತದೆ. ಅದೇ ಹಣದಲ್ಲಿ ಹಳೆಯ ಪದರವನ್ನು ಕೆರೆದು ತೆಗೆದು ಮಟ್ಟವನ್ನು ಇಳಿಸಬಹುದು, ಚರಂಡಿ ಮುಚ್ಚಿ ಸಮನಾದ ಕಾಲುದಾರಿ ಮಾಡಬಹುದು, ದಾಟುವ ಜಾಗಗಳನ್ನು ರಸ್ತೆಯಿಂದ ತುಸು ಎತ್ತರಿಸಿ ವೇಗಕ್ಕೆ ಕಡಿವಾಣ ಹಾಕಬಹುದು. ನಕ್ಷೆಯಲ್ಲಿ ಏನಿದೆಯೋ ಅದೇ ಆಗುತ್ತದೆ. ನಕ್ಷೆ ಬರೆಯುವ ಹೊತ್ತಿಗೆ ಪುರಸಭೆ ಸುಮ್ಮನಿದ್ದರೆ ಗುತ್ತಿಗೆದಾರರಿಗೆ ರೂಢಿಯಲ್ಲಿರುವುದೇ ಊರಿನ ಪಾಲಿಗೆ ಬರುತ್ತದೆ.

ಅವಕಾಶ ಒಂದೇ ಸಲ ಎಂದದ್ದಕ್ಕೆ ಪುರಾವೆಯಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಾರಿಗೆ ಇಲಾಖೆ ಬೈಪಾಸ್ ಪಡೆದ 17 ಊರುಗಳನ್ನು ಅಧ್ಯಯನ ಮಾಡಿ 1998ರಲ್ಲಿ ವರದಿ ಕೊಟ್ಟಿತು. ಅಲ್ಲಿನ ಮಧ್ಯಮ ಮತ್ತು ದೊಡ್ಡ ಊರುಗಳಲ್ಲಿ ಹಳೆಯ ರಸ್ತೆಯ ಸಂಚಾರ ಕಾಲಾಂತರದಲ್ಲಿ ಸರಾಸರಿಯಾಗಿ ಬೈಪಾಸ್‌ಗೆ ಮೊದಲಿನ ಮಟ್ಟಕ್ಕೇ ಬಂದು ನಿಂತಿತ್ತು. ಕೆಲವು ಕಡೆ ಅದನ್ನೂ ಮೀರಿತ್ತು. ಲಾರಿ ಬಿಟ್ಟುಹೋದ ಜಾಗವನ್ನು ಊರಿನವೇ ವಾಹನಗಳು ತುಂಬಿದ್ದವು. ಕಡೂರಿನಲ್ಲೂ ಹಾಗಾಗದೆ ಇರಲು ಕಾರಣವಿಲ್ಲ. ರಸ್ತೆ ಖಾಲಿಯಾಗಿ ಕಾಣುವ ಮೊದಲ ಒಂದೆರಡು ವರ್ಷದಲ್ಲಿ ಕಾಲುದಾರಿಗೆ ಜಾಗ ತೆಗೆದಿಟ್ಟರೆ ಯಾರಿಗೂ ಏನನ್ನೂ ಕಿತ್ತುಕೊಂಡಂತೆ ಅನಿಸುವುದಿಲ್ಲ. ಅದು ಕಾರು ನಿಲ್ಲಿಸುವ ಜಾಗವಾಗಿ ರೂಢಿಯಾದ ಮೇಲೆ ಒಂದು ಮೀಟರ್ ಹಿಂಪಡೆಯಲೂ ಪೊಲೀಸರನ್ನು ಕರೆಸಬೇಕಾಗುತ್ತದೆ.

ಅಗಲೀಕರಣವೇ ಪರಿಹಾರವೆನ್ನುವವರಿಗೆ

ನಮ್ಮ ಊರುಗಳಲ್ಲಿ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಮೊದಲು ಕೇಳುವ ಬೇಡಿಕೆ ರಸ್ತೆ ಅಗಲೀಕರಣ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆಂಬುಲೆನ್ಸ್ ಸಿಕ್ಕಿಬೀಳುವುದನ್ನು ಕಂಡವರು, ಸಂತೆಯ ದಿನ ಬಸ್ಸು ತಿರುಗಲಾಗದೆ ನಿಂತದ್ದನ್ನು ಕಂಡವರು ಅಗಲವಾದ ರಸ್ತೆ ಕೇಳುವುದು ಸಹಜ. ಆದರೆ ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ನಗರಗಳಲ್ಲಿ ಹೆದ್ದಾರಿ ಎಷ್ಟು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತೆಂದು ತೋರಿಸಿತು. ಬೆಂಗಳೂರು ಇದನ್ನು ತನ್ನದೇ ಖರ್ಚಿನಲ್ಲಿ ಕಲಿಯುತ್ತಿದೆ. ಇಷ್ಟೇ ಅಲ್ಲ, ಪೇಟೆಬೀದಿಯಲ್ಲಿ ಸಂಚಾರ ಕಟ್ಟಿಕೊಳ್ಳುವುದು ಬಹುಪಾಲು ಅಗಲ ಸಾಲದೆ ಅಲ್ಲ. ಎರಡು ಸಾಲು ವಾಹನ ನಿಂತಿರುವುದರಿಂದ, ಬಸ್ಸಿಗೆ ನಿಲ್ಲಲು ತನ್ನದೇ ಜಾಗವಿಲ್ಲದೆ ರಸ್ತೆಯ ನಡುವೆ ನಿಲ್ಲುವುದರಿಂದ, ಸರಕು ಇಳಿಸಲು ಹೊತ್ತುಗೊತ್ತು ಇಲ್ಲದಿರುವುದರಿಂದ. ಅಗಲ ಮಾಡಿದರೆ ಎರಡು ಸಾಲು ಮೂರಾಗುತ್ತದೆ. ಅದಕ್ಕಾಗಿ ಕಳೆದುಕೊಳ್ಳುವುದು ಅಂಗಡಿಯ ಮುಂಭಾಗ, ಮನೆಯ ಜಗಲಿ, ನೆರಳಿನ ಮರ. ಬಯಲುಸೀಮೆಯ ಬಿಸಿಲಿನಲ್ಲಿ ಹೊಂಗೆಯೋ ಬೇವೋ ಇಲ್ಲದ ಬೀದಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಯಾರೂ ಇಷ್ಟಪಟ್ಟು ನಡೆಯುವುದಿಲ್ಲ.

ಜಗಲಿಯ ಮಾತು ಬಂದದ್ದರಿಂದ ಇನ್ನೊಂದು ಅಧ್ಯಯನವನ್ನು ನೆನೆಯಬೇಕು. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ಬಗೆಯ ಮೂರು ಬೀದಿಗಳನ್ನು ಹೋಲಿಸಿದರು. ವ್ಯತ್ಯಾಸವಿದ್ದದ್ದು ವಾಹನ ಸಂಚಾರದಲ್ಲಿ. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ವಾಹನ ಓಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಎದುರು ಮನೆಗೆ ಹೋಗಿ ಬರುವುದು ಕಷ್ಟವಾದರೆ ಬಳಕೆ ಕಡಿಮೆಯಾಗುತ್ತದೆ, ಬಳಕೆ ಕಡಿಮೆಯಾದರೆ ನೆರೆಹೊರೆ ಸವೆಯುತ್ತದೆ. ಬಿ.ಎಚ್. ರಸ್ತೆಯ ಎಡ ಬಲದ ಕೇರಿಗಳು ಒಂದೇ ಊರಿನವಾಗಿ ಉಳಿಯಬೇಕೇ ಎಂಬುದು ರಸ್ತೆಯ ಅಗಲ ನಿರ್ಧರಿಸುವವರ ಎದುರಿಗೂ ಇರಬೇಕಾದ ಪ್ರಶ್ನೆ.

ವ್ಯಾಪಾರ ಬೀಳುವ ಭಯ

ಎಲ್ಲಕ್ಕಿಂತ ಬಲವಾದ ಆಕ್ಷೇಪ ವ್ಯಾಪಾರಿಗಳದು. ಹೆದ್ದಾರಿ ಹೋಯಿತು, ಗಿರಾಕಿಯೂ ಹೋದ; ಈಗ ವಾಹನ ನಿಲ್ಲಿಸಲೂ ಬಿಡದಿದ್ದರೆ ಉಳಿದವರೂ ಹೋಗುತ್ತಾರೆ ಎಂಬ ಅವರ ಆತಂಕ ಸುಳ್ಳಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿಗಳವರು, ಮದ್ದೂರಿನ ಹೋಟೆಲಿನವರು ವಹಿವಾಟು ಇಳಿಯಿತೆಂದು ನೊಂದು ಹೇಳಿದ್ದನ್ನು ನಾಡೇ ಕೇಳಿದೆ. ದಾರಿಹೋಕರನ್ನೇ ನಂಬಿದ ಕಾಫಿ ಟೀ ಹೋಟೆಲು, ಪಂಕ್ಚರ್ ಅಂಗಡಿ, ಎಳನೀರು ಗಾಡಿ, ಪೆಟ್ರೋಲ್ ಬಂಕಿಗೆ ಬೈಪಾಸ್‌ನಿಂದ ಪೆಟ್ಟು ಬೀಳುತ್ತದೆ. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅವರಲ್ಲಿ ಸಣ್ಣವರಿಗೆ ಬೈಪಾಸ್ ಬದಿಯ ತಂಗುದಾಣಗಳ ಮಳಿಗೆಗಳಲ್ಲಿ ಆದ್ಯತೆ ಕೇಳುವುದು ಪುರಸಭೆಯ ಮೊದಲ ಕೆಲಸಗಳಲ್ಲಿ ಒಂದಾಗಬೇಕು.

ಆದರೆ ಕಡೂರಿನ ಪೇಟೆಯ ಬಹುತೇಕ ವ್ಯಾಪಾರ ನಿಂತಿರುವುದು ದಾರಿಹೋಕರ ಮೇಲಲ್ಲ. ಬಟ್ಟೆ, ಗೊಬ್ಬರ, ಬೀಜ, ಪಾತ್ರೆ, ಔಷಧಿ, ಚಿನ್ನ, ಮೊಬೈಲು ಕೊಳ್ಳುವವರು ಸುತ್ತಿನ ಹೋಬಳಿಗಳ ರೈತಾಪಿ ಜನ. ಈರುಳ್ಳಿ, ಕೊಬ್ಬರಿಯ ದುಡ್ಡು ಕೈಗೆ ಬಂದಾಗ ಪೇಟೆ ತುಂಬುತ್ತದೆ. ಇವರು ಬರುವುದು ಬಸ್ಸಿನಲ್ಲಿ, ಬೈಕಿನಲ್ಲಿ; ಕೊಳ್ಳುವುದು ನಡೆದಾಡುತ್ತ. ವಿಸ್ಕಾನ್ಸಿನ್‌ನ ಅದೇ ವರದಿಯೂ ಬಹುತೇಕ ಊರುಗಳ ಒಟ್ಟು ವಹಿವಾಟಿಗೆ ಬೈಪಾಸ್‌ನಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ ಎಂದಿತು. ಅಂಗಡಿಯ ಮುಂದೆ ಇಡೀ ದಿನ ನಿಲ್ಲುವ ಕಾರು ಯಾರದು ಎಂಬುದನ್ನೂ ನೋಡಬೇಕು. ಅನೇಕ ಸಲ ಅದು ಅಂಗಡಿಯವರದೇ, ಇಲ್ಲವೇ ಪಕ್ಕದ ಕಚೇರಿಯ ನೌಕರರದು. ಒಂದು ಕಾರಿಗೆ ಬೇಕಾದ ಹನ್ನೆರಡು ಚದರ ಮೀಟರಿನಲ್ಲಿ ಆರು ಬೈಕು ನಿಲ್ಲುತ್ತವೆ. ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಗಂಟೆಗಿಷ್ಟು ಎಂದು ದರವಿಟ್ಟರೆ ಕೊಳ್ಳಲು ಬಂದವರಿಗೆ ಜಾಗ ಸಿಗುತ್ತದೆ, ಬೆಳಗಿನಿಂದ ಸಂಜೆವರೆಗೆ ನಿಲ್ಲಿಸುವವರು ಹಿಂದಿನ ರಸ್ತೆಗೆ ಹೋಗುತ್ತಾರೆ. ವ್ಯಾಪಾರಿಗಳಿಗೇ ಲಾಭವಾಗುವ ವ್ಯವಸ್ಥೆ ಇದು.

ಇಪ್ಪತ್ನಾಲ್ಕು ಮೀಟರನ್ನು ಹಂಚಿದರೆ

ಒಂದು ಗಡಿಯಿಂದ ಇನ್ನೊಂದು ಗಡಿಗೆ 24 ಮೀಟರ್ ಇರುವ ಬೀದಿಯೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಎರಡು ದಿಕ್ಕಿನ ಸಂಚಾರಕ್ಕೆ 7 ಮೀಟರ್ ಸಾಕು. ಬಸ್ಸು ಲಾರಿ ಎದುರುಬದುರಾಗಿ ನಿರಾತಂಕವಾಗಿ ಹೋಗುತ್ತವೆ. ಎರಡೂ ಬದಿ ಎರಡೂವರೆ ಮೀಟರಿನ ಪಟ್ಟಿಯಲ್ಲಿ ಬಸ್ ತಂಗುದಾಣ, ಆಟೊ ನಿಲ್ದಾಣ, ಬೈಕು, ಸರಕು ಇಳಿಸುವ ಜಾಗ. ಅದರ ಪಕ್ಕ ಎರಡೆರಡು ಮೀಟರಿನಲ್ಲಿ ಮರ, ದೀಪದ ಕಂಬ, ಗಾಡಿ ವ್ಯಾಪಾರ. ಆಮೇಲೆ ಎರಡೂವರೆ ಮೀಟರಿನ, ಕಂಬವೂ ಗಾಡಿಯೂ ಇಲ್ಲದ ಕಾಲುದಾರಿ. ಉಳಿದ ಮೂರು ಮೀಟರಿನಲ್ಲಿ ಅಂಗಡಿಯ ಮೆಟ್ಟಿಲು ಮತ್ತು ಮುಚ್ಚಿದ ಚರಂಡಿ. ಎರಡೂವರೆ ಮೀಟರ್ ಎಂಬುದು ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 2012ರ ತನ್ನ ಮಾರ್ಗಸೂಚಿಯಲ್ಲಿ ವ್ಯಾಪಾರಿ ಪ್ರದೇಶದ ಕಾಲುದಾರಿಗೆ ಕನಿಷ್ಠ ಅಷ್ಟು ಅಗಲ ಬೇಕೆಂದಿದೆ, ವಸತಿ ಪ್ರದೇಶಕ್ಕೆ 1.8 ಮೀಟರ್. ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ಅದು ಹೇಳುತ್ತದೆ. ನಮ್ಮಲ್ಲಿ ಮೊಣಕಾಲೆತ್ತರದ ಕಾಲುದಾರಿ ಕಟ್ಟಿ, ಅದನ್ನು ಹತ್ತಲಾಗದ ಮುದುಕರು ಕೆಳಗೇ ನಡೆದಾಗ ‘ಫುಟ್‌ಪಾತ್ ಇದ್ದರೂ ಜನ ಬಳಸುವುದಿಲ್ಲ’ ಎಂದು ಅವರನ್ನೇ ದೂರುತ್ತೇವೆ.

ಗಾಡಿ ವ್ಯಾಪಾರಿಗಳನ್ನು ಬೀದಿಯ ಶತ್ರುಗಳೆಂದು ಕಾಣುವುದು ಇನ್ನೊಂದು ತಪ್ಪು ರೂಢಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣದ ಜನಸಂಖ್ಯೆಯ ಶೇ 2.5ರ ಮಿತಿಯಲ್ಲಿ ಅವರಿಗೆ ಜಾಗ ಗುರುತಿಸಬೇಕೆನ್ನುತ್ತದೆ. 35 ಸಾವಿರ ಜನರ ಊರಿಗೆ ಅದು 875 ಮಂದಿ. ಪಟ್ಟಣ ಮಾರಾಟ ಸಮಿತಿ ಸೇರಿ ಈ ಜಾಗಗಳನ್ನು ನಕ್ಷೆಯಲ್ಲೇ ಬರೆದುಬಿಟ್ಟರೆ ತಿಂಗಳಿಗೊಮ್ಮೆ ಎತ್ತಂಗಡಿ ಮಾಡುವ ಪ್ರಮೇಯವೇ ಬರುವುದಿಲ್ಲ. ಹೂವಿನವರು, ಸೊಪ್ಪಿನವರು ರಾತ್ರಿ ಒಂಬತ್ತರವರೆಗೆ ಕೂರುವ ಬೀದಿಯಲ್ಲಿ ಕೊನೆಯ ಬಸ್ಸಿನಿಂದ ಇಳಿದ ಹೆಣ್ಣುಮಗಳು ಒಬ್ಬಳೇ ನಡೆಯಲು ಹೆದರುವುದಿಲ್ಲ.

ಇದೆಲ್ಲ ದೊಡ್ಡ ನಗರದ ಮಾತು, ನಮ್ಮಂಥ ಊರಿಗೆ ಒಗ್ಗದು ಎನ್ನುವವರು ಸ್ಪೇನ್ ದೇಶದ ಪೊಂಟೆವೆದ್ರವನ್ನು ನೋಡಬಹುದು. ಅದರ ಜನಸಂಖ್ಯೆ 80 ಸಾವಿರದ ಆಸುಪಾಸು, ಅಂದರೆ ಕಡೂರು, ಬೀರೂರು, ತರೀಕೆರೆ ಮೂರನ್ನೂ ಸೇರಿಸಿದರೆ ಹೆಚ್ಚುಕಡಿಮೆ ಆಗುವಷ್ಟು. 1999ರಿಂದ ಅಲ್ಲಿನ ಆಡಳಿತ ಊರಿನ ನಡುಭಾಗದಲ್ಲಿ ನಡೆಯುವವರಿಗೆ ಮೊದಲ ಸ್ಥಾನ ಕೊಟ್ಟು ಕಾರುಗಳನ್ನು ಅಂಚಿಗೆ ಸರಿಸಿತು. ಅದೇ ಮೇಯರ್ ಮತ್ತೆ ಮತ್ತೆ ಗೆದ್ದು ಬಂದರು. ಸಣ್ಣ ಊರಿಗೆ ಇದು ಹೆಚ್ಚು ಸುಲಭ. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯಲ್ಲಿ ನಡೆಯಬಹುದಾದ ಊರಿನಲ್ಲಿ ನಡೆಯುವುದೇ ಮುಖ್ಯ ಸಾರಿಗೆ.

ಹೊಸ ರಸ್ತೆಯ ಬದಿಯ ಹೊಸ ಊರು

ಒಳಗಿನ ಬೀದಿಯನ್ನು ಸರಿಮಾಡಿ ಬೈಪಾಸನ್ನು ಮರೆತರೆ ಇಪ್ಪತ್ತು ವರ್ಷದಲ್ಲಿ ಹಳೆಯ ಕಥೆ ಹೊಸ ಜಾಗದಲ್ಲಿ ಮರುಕಳಿಸುತ್ತದೆ. ಬೈಪಾಸ್ ಗೊತ್ತಾದ ದಿನವೇ ಅಕ್ಕಪಕ್ಕದ ಹೊಲಕ್ಕೆ ಬೆಲೆ ಏರುತ್ತದೆ. ಭೂಪರಿವರ್ತನೆ, ಲೇಔಟ್, ಕಲ್ಯಾಣಮಂಟಪ, ಡಾಬಾ, ಶಾಲೆ ಒಂದೊಂದಾಗಿ ಬರುತ್ತವೆ. ಆಮೇಲೆ ಜನ ಅದನ್ನು ದಾಟಬೇಕಾಗುತ್ತದೆ, ಅಪಘಾತಗಳಾಗುತ್ತವೆ, ಹಂಪು ಹಾಕಿ ಎಂದು ರಸ್ತೆತಡೆ ನಡೆಯುತ್ತದೆ. ಕಡೂರು ಮತ್ತು ಬೀರೂರು ಎಷ್ಟು ಹತ್ತಿರವೆಂದರೆ ನಡುವಿನ ಹೊಲಗಳು ಸೈಟುಗಳಾಗಿ ಎರಡೂ ಕೂಡಿಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ. ಹೆದ್ದಾರಿಗೆ ಎಲ್ಲೆಂದರಲ್ಲಿ ಬಾಯಿ ತೆರೆಯದಂತೆ ತಡೆಯುವ ಅಧಿಕಾರ 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಲ್ಲಿದೆ. ಯಾವ ಕಡೆ ಊರು ಬೆಳೆಯಬೇಕೆಂದು ಹೇಳುವ ಅಧಿಕಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿಯ ಮಹಾಯೋಜನೆಗಿದೆ. ಊರು ಬೈಪಾಸ್‌ನ ಒಳಬದಿಯಲ್ಲೇ, ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ತುಂಬಿಕೊಳ್ಳಲಿ ಎಂದು ಆ ಯೋಜನೆ ಸ್ಪಷ್ಟವಾಗಿ ಹೇಳಬೇಕು.

ಬಸ್ಸಿನ ವಿಷಯದಲ್ಲೂ ಎಚ್ಚರ ಬೇಕು. ವೇಗದೂತ ಬಸ್ಸುಗಳು ಊರಿನೊಳಗೆ ಬರದೆ ಬೈಪಾಸ್‌ನಲ್ಲೇ ಹೋಗಲಾರಂಭಿಸಿದರೆ ರಾತ್ರಿ ಹನ್ನೊಂದಕ್ಕೆ ಪ್ರಯಾಣಿಕರು ಕತ್ತಲಿನ ಸೇತುವೆಯ ಕೆಳಗೆ ಇಳಿಯಬೇಕಾಗುತ್ತದೆ. ಯಾವ ಬಸ್ಸು ಒಳಗೆ ಬರಲೇಬೇಕು ಎಂಬುದು ಚಾಲಕರ ಮರ್ಜಿಗೆ ಬಿಡುವ ವಿಷಯವಲ್ಲ, ವೇಳಾಪಟ್ಟಿಯಲ್ಲಿ ಬರೆದಿರಬೇಕು.

ಅಜ್ಜಂಪುರದ ಅನುಕೂಲ

ಅಜ್ಜಂಪುರದ ಸ್ಥಿತಿ ಬೇರೆ. ಬಿ.ಎಚ್. ರಸ್ತೆ ಅದನ್ನು ಮುಟ್ಟುವುದಿಲ್ಲ. ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗ ಅದರ ಮೂಲಕ ಹೋಗುತ್ತದೆ. ಅಮೃತಮಹಲ್ ತಳಿಯ ದನಗಳ ಕೇಂದ್ರದಿಂದ ಹೆಸರಾದ ಈ ಊರು ತರೀಕೆರೆಯಿಂದ ಬೇರ್ಪಟ್ಟು, 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಹೊಸ ತಾಲ್ಲೂಕಿಗೆ ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಕಾಲೇಜು ಒಂದೊಂದಾಗಿ ಬರುತ್ತವೆ. ಸರ್ಕಾರಿ ಜಾಗ ಸಿಕ್ಕಿತೆಂದು ಇವನ್ನು ಊರಿನಾಚೆ ಮೂರು ಕಿಲೋಮೀಟರ್ ದೂರದಲ್ಲಿ ಚೆದುರಿಸಿದರೆ ಶಿವನಿಯ ಕಡೆಯಿಂದ ಬಸ್ಸಿನಲ್ಲಿ ಬಂದ ರೈತನಿಗೆ ಒಂದು ಸಹಿಗಾಗಿ ಎರಡು ಆಟೊ ಬಾಡಿಗೆ. ನಿಲ್ದಾಣದ ಸುತ್ತ ನಡೆಯುವ ಅಂತರದಲ್ಲಿ ಕಟ್ಟಿದರೆ ಒಂದೇ ಬರವಿನಲ್ಲಿ ನಾಲ್ಕು ಕೆಲಸ ಮುಗಿಯುತ್ತದೆ, ಪೇಟೆಗೂ ಜನ ಸಿಗುತ್ತಾರೆ. ಕಡೂರು, ತರೀಕೆರೆ ಈಗ ಹಣ ಸುರಿದು ಸರಿಪಡಿಸಬೇಕಾದದ್ದನ್ನು ಅಜ್ಜಂಪುರ ಮೊದಲೇ ತಪ್ಪಿಸಿಕೊಳ್ಳಬಹುದು.

ಹಣ ಮತ್ತು ಅಧಿಕಾರ

ಸ್ಮಾರ್ಟ್ ಸಿಟಿ ಹಣ ಕರ್ನಾಟಕದ ಏಳು ನಗರಗಳಿಗೆ ಹೋಯಿತು. ಪಕ್ಕದ ಶಿವಮೊಗ್ಗ, ದಾವಣಗೆರೆ, ತುಮಕೂರು ಅದರಲ್ಲಿದ್ದವು. ಕಡೂರಿನಂಥ ಪುರಸಭೆಗೆ ಅಂಥ ಅನುದಾನವಿಲ್ಲವೆಂಬುದು ನಿಜ. ಆದರೆ ಕಾಲುದಾರಿ ಮತ್ತು ದಾಟುಜಾಗ ರಸ್ತೆ ಕಾಮಗಾರಿಗಳಲ್ಲೇ ಅಗ್ಗದವು. ಮೊದಲು ಬಣ್ಣ ಬಳಿದು, ಕಲ್ಲಿನ ಗೂಟ ನೆಟ್ಟು, ಮೂರು ತಿಂಗಳು ಪ್ರಯೋಗ ಮಾಡಿ ನೋಡಬಹುದು. ಸರಿಬಾರದ ಕಡೆ ಬದಲಿಸಿ ಆಮೇಲೆ ಕಾಂಕ್ರೀಟು ಹಾಕಬಹುದು. ‘ಒಂದು ಬಾರಿಯ ಅಭಿವೃದ್ಧಿ’ಯ ಹಣ ಹೇಗೂ ಖರ್ಚಾಗುತ್ತದೆ, ಅದು ಯಾವುದಕ್ಕೆ ಎಂದು ಕೇಳುವುದಕ್ಕೆ ಹೆಚ್ಚುವರಿ ಹಣ ಬೇಕಿಲ್ಲ.

ಅಧಿಕಾರ ಹರಿದು ಹಂಚಿಹೋಗಿರುವುದು ಹಣಕ್ಕಿಂತ ದೊಡ್ಡ ತೊಡಕು. ಡಾಂಬರು ಒಂದು ಇಲಾಖೆಯದು, ಚರಂಡಿ ಪುರಸಭೆಯದು, ಬಸ್ ನಿಲ್ದಾಣ ಸಾರಿಗೆ ನಿಗಮದ್ದು, ಕಂಬ ವಿದ್ಯುತ್ ಕಂಪನಿಯದು, ವಾಹನ ನಿಯಂತ್ರಣ ಪೊಲೀಸರದು. ಸಂವಿಧಾನದ ಹನ್ನೆರಡನೇ ಅನುಸೂಚಿ ರಸ್ತೆ, ಬೀದಿದೀಪ, ವಾಹನ ನಿಲುಗಡೆ, ಬಸ್ ತಂಗುದಾಣಗಳನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳೆಂದು ಪಟ್ಟಿಮಾಡಿದೆ. ಹಾಗಾಗಿ ಮುಂದಾಳತ್ವ ಪುರಸಭೆಯದೇ ಆಗಬೇಕು. ಎಲ್ಲ ಇಲಾಖೆಗಳನ್ನು ಒಂದೇ ಮೇಜಿಗೆ ಕರೆಸಲು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದ್ದೇ ಇದೆ. ಹಸ್ತಾಂತರದ ಕಾಗದಕ್ಕೆ ಸಹಿ ಬೀಳುವ ಮೊದಲು ಕಡೂರು, ಬೀರೂರು, ತರೀಕೆರೆ ಪುರಸಭೆಗಳು ತಮ್ಮ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ ಬರೆಸಬೇಕಾದದ್ದು ಇಷ್ಟು: ಹಳೆಯ ಡಾಂಬರನ್ನು ಕೆರೆದು ತೆಗೆದ ಮೇಲೆಯೇ ಹೊಸ ಪದರ, ಎರಡೂ ಬದಿಗೆ ತಡೆಯಿಲ್ಲದ ಎರಡೂವರೆ ಮೀಟರ್ ಕಾಲುದಾರಿ, ಶಾಲೆ ಆಸ್ಪತ್ರೆ ಬಸ್ ನಿಲ್ದಾಣಗಳ ಎದುರು ಎತ್ತರಿಸಿದ ದಾಟುಜಾಗ, ಊರಿನೊಳಗಿನ ಪೂರ್ತಿ ಉದ್ದಕ್ಕೆ 30 ಕಿ.ಮೀ. ಮಿತಿಯ ಅಧಿಸೂಚನೆ. ಅದರ ನಕ್ಷೆಯನ್ನು ಪುರಸಭೆಯ ಗೋಡೆಗೂ ಬಸ್ ನಿಲ್ದಾಣದ ಫಲಕಕ್ಕೂ ಒಂದು ತಿಂಗಳು ಅಂಟಿಸಿಡಬೇಕು. ಟೆಂಡರ್ ಕರೆಯುವುದು ಆಮೇಲೆ.